ಶಾಕುಂತಲದ ಚಿತ್ರಗಳೂ ಅವುಗಳ ಕೈಪ್ರತಿಗಳೂ

ನಾಟಕವನ್ನು ನಮ್ಮ ಆಲಂಕಾರಿಕರು ದೃಶ್ಯಕಾವ್ಯವೆಂದು ಕರೆದರು. ಅದು ಕಣ್ಣಿಗೆ ಕಾಣಬೇಕಾದ ಕಾವ್ಯ. ಆದರೆ ಆಟವು ಮುಗಿದು ದೀಪಗಳು ಆರಿದ ಬಳಿಕ ಕಣ್ಣಿಗೆ ಉಳಿಯುವದೇನು? ಓದಬಲ್ಲವರಿಗೆ ಪುಸ್ತಕವು ಉಳಿಯುತ್ತದೆ. ಓದಲು ಬಾರದವರಿಗೆ ಚಿತ್ರವೊಂದೇ ಆಧಾರ. ನಮ್ಮ ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ತಾವರೆಯೆಲೆಯ ಮೇಲೆ ಓಲೆ ಬರೆಯುವ ಶಕುಂತಲೆಯನ್ನೂ ಹಂಸದ ಮಾತನ್ನು ಕೇಳುವ ದಮಯಂತಿಯನ್ನೂ ನೋಡದೆ ಬೆಳೆದವರು ನನ್ನ ವಯಸ್ಸಿನವರಲ್ಲಿ ವಿರಳ. ಇವುಗಳಲ್ಲಿ ಬಹುಭಾಗವು ಅಚ್ಚಿನ ಪಟಗಳು. ಕೆಲವು ಮಾತ್ರ ಅಚ್ಚಿನ ಪಟವನ್ನು ಮುಂದಿಟ್ಟುಕೊಂಡು ಯಾರೋ ಒಬ್ಬ ಚಿತ್ರಗಾರನು ಗಾಜಿನ ಮೇಲಾಗಲಿ ಬಟ್ಟೆಯ ಮೇಲಾಗಲಿ ಕೈಯಿಂದ ಬರೆದ ಪ್ರತಿಗಳು. ಅಚ್ಚಿನ ಪಟಗಳ ಇತಿಹಾಸವನ್ನು ವಿದ್ವಾಂಸರು ಸವಿಸ್ತಾರವಾಗಿ ಬರೆದಿದ್ದಾರೆ. ಕೈಪ್ರತಿಗಳನ್ನು ಮಾತ್ರ 'ನಕಲು' ಎಂಬ ಒಂದೇ ಶಬ್ದದಿಂದ ಬದಿಗೆ ಸರಿಸುವದು ರೂಢಿಯಾಗಿದೆ. ಈ ರೂಢಿಯು ಎಷ್ಟರಮಟ್ಟಿಗೆ ನ್ಯಾಯವಾದದ್ದೆಂಬದನ್ನು ಶಾಕುಂತಲದ ಚಿತ್ರಗಳನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದಿದ್ದೇನೆ.

ಶಾಕುಂತಲವನ್ನೇ ಆರಿಸಿಕೊಳ್ಳುವದಕ್ಕೆ ನಮ್ಮ ಸೀಮೆಯವರಿಗೆ ವಿಶೇಷ ಕಾರಣವುಂಟು. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಅಣ್ಣಾಸಾಹೇಬರೆಂದು ಎಲ್ಲರೂ ಬಲ್ಲವರು, 1843ರಲ್ಲಿ ಹುಟ್ಟಿದ್ದು ಸವದತ್ತಿಯ ಬಳಿಯ ಗುರ್ಲಹೊಸೂರಿನಲ್ಲಿ. ಕನ್ನಡದ ನೆಲದಲ್ಲಿ ಬೆಳೆದ ಈ ಮಹನೀಯರು ಪುಣೆಯಲ್ಲಿ ಪಾರಸಿ ಮಂಡಳಿಯವರ ಸಂಗೀತಪ್ರಧಾನವಾದ ಆಟವೊಂದನ್ನು ನೋಡಿ, ಇಂಥದೇ ನಾಟಕವು ಕಾಳಿದಾಸನ ಕಥೆಯಿಂದ ಏಕೆ ಆಗಬಾರದೆಂದು ಯೋಚಿಸಿ, 'ಸಂಗೀತ ಶಾಕುಂತಲ'ವನ್ನು ರಚಿಸಿದರು. ಅದು 1880ನೆಯ ಅಕ್ಟೋಬರ 31ರಂದು ಪುಣೆಯಲ್ಲಿ ರಂಗವನ್ನೇರಿತು. ಅದರ ಹಾಡುಗಳಲ್ಲಿ ಕನ್ನಡ ನಾಡಿನ ಧಾಟಿಗಳೂ ಸೇರಿದವು. ಇದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಧಾರವಾಡದ ಕಡೆಯಲ್ಲಿ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಹಾಡುಗಳ ಸಮೇತ ಕನ್ನಡಕ್ಕೆ ತಂದಿದ್ದರು. ಮುಂದೆ ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳು ತಮ್ಮ ಅನುವಾದದಿಂದ 'ಅಭಿನವ ಕಾಳಿದಾಸ'ರೆಂಬ ಬಿರುದನ್ನು ಪಡೆದರು. ಹೀಗೆ 19ನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಕಾಳಿದಾಸನ ಶಕುಂತಲೆಯು ಪಾಠಶಾಲೆಯ ತಾಳೆಗರಿಯಿಂದ ಇಳಿದು ಸಂತೆಯೂರಿನ ಡೇರೆಯವರೆಗೆ ನಡೆದುಬಂದಳು. ಅದೇ ಮೂವತ್ತು ವರ್ಷಗಳಲ್ಲಿ ಅವಳು ಪಟವಾಗಿ ಗೋಡೆಯನ್ನೂ ಸೇರಿದಳು.

ಆ ಪಟದ ಕರ್ತನು ತಿರುವಾಂಕೂರು ಸೀಮೆಯ ಕಿಳಿಮಾನೂರಿನ ರಾಜಾ ರವಿವರ್ಮ (1848–1906). ಓಲೆ ಬರೆಯುವ ಶಕುಂತಲೆಯ ತೈಲಚಿತ್ರವನ್ನು ಅವನು 1876ರಲ್ಲಿ ಮದ್ರಾಸಿನ ಪ್ರದರ್ಶನಕ್ಕೆ ಕಳಿಸಿದನು. ಅಲ್ಲಿಯ ಗವರ್ನರನಾಗಿದ್ದ ಬಕಿಂಗಹ್ಯಾಮಿನ ಡ್ಯೂಕನು ಅದನ್ನು ಕೊಂಡನು. ಮೋನಿಯರ್ ವಿಲಿಯಮ್ಸ್ ಪಂಡಿತನು ತನ್ನ ಶಾಕುಂತಲದ ಇಂಗ್ಲಿಷ್ ಅನುವಾದದ 1887ರ ಆವೃತ್ತಿಗೆ ಈ ಚಿತ್ರವನ್ನೇ ಮುಖಚಿತ್ರವಾಗಿ ಇಟ್ಟುಕೊಂಡನು. 1789ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸನ ಅನುವಾದವು ಹೊರಟಂದಿನಿಂದ ಯುರೋಪಿನವರು ಶಾಕುಂತಲವನ್ನು ಓದುತ್ತಲೇ ಇದ್ದರು. ಆದರೆ ಹಿಂದೂ ಚಿತ್ರಗಾರನೊಬ್ಬನು ತೈಲವರ್ಣದಲ್ಲಿ ಬರೆದ ಶಕುಂತಲೆಯು ಅವರ ಪುಸ್ತಕದ ಬಾಗಿಲಲ್ಲಿ ನಿಂತದ್ದು ಒಂದು ಹೊಸ ಸಂಗತಿಯೇ ಸರಿ.

ರವಿವರ್ಮನ ಚಿತ್ರಗಳಿಗೂ ನಾಟಕಶಾಲೆಗೂ ಇದ್ದ ನಂಟು ಕೇವಲ ಕಥೆಯದಲ್ಲ. ಅವನೂ ಅವನ ತಮ್ಮ ರಾಜರಾಜವರ್ಮನೂ ಮುಂಬಯಿಯಲ್ಲಿದ್ದಾಗ ನಾಟಕಗಳನ್ನು ನೋಡಲು ಹೋಗುತ್ತಿದ್ದರೆಂಬದು ಆ ತಮ್ಮನ ದಿನಚರಿಯಿಂದ ತಿಳಿದುಬರುತ್ತದೆ. ಬಡೋದೆಯ ಮಹಾರಾಜರಿಗಾಗಿ 14 ಪೌರಾಣಿಕ ಚಿತ್ರಗಳನ್ನು ಬರೆಯುವ ಮುಂಚೆ ಸೋದರರು ಉಡಿಗೆತೊಡಿಗೆಗಳನ್ನು ನೋಡುವದಕ್ಕಾಗಿ ದೇಶವನ್ನೆಲ್ಲ ಸುತ್ತಿದರು. ಕಡೆಗೆ ಅವರ ದೇವಿಯರಿಗೂ ರಾಣಿಯರಿಗೂ ಹೆಚ್ಚಾಗಿ ದೊರೆತದ್ದು ಮಹಾರಾಷ್ಟ್ರದ ಸೀರೆಯ ಉಡಿಗೆ. ಪಾತ್ರಗಳು ನಿಲ್ಲುವ ಬಗೆ, ಕೈಯೆತ್ತುವ ಬಗೆ, ಹಿಂದೆ ತೋಟವೋ ಅರಮನೆಯೋ ಒಂದು ಪಡದೆಯಂತೆ ಇಳಿಬಿದ್ದಿರುವ ಬಗೆ, ಇವೆಲ್ಲವೂ ರಂಗಸ್ಥಳದ ನೆನಪನ್ನು ತರುತ್ತವೆ.

1894ರಲ್ಲಿ ರವಿವರ್ಮನು ಮುಂಬಯಿಯ ಗಿರಗಾಂವಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದನು. ಅವನ ಚಿತ್ರಗಳನ್ನು ಅಚ್ಚು ಹಾಕಿಸಿ ಎಲ್ಲರಿಗೂ ದೊರೆಯುವಂತೆ ಮಾಡಬೇಕೆಂದು ದಿವಾನ ಸರ್ ಟಿ. ಮಾಧವರಾಯರು ಎಷ್ಟೋ ಮೊದಲೇ ಸಲಹೆ ಮಾಡಿದ್ದರು. ಆ ಮುದ್ರಣಾಲಯದ ಮೊಟ್ಟಮೊದಲ ಪಟವು ಶಕುಂತಲೆಯ ಜನ್ಮದ್ದು: ಮೇನಕೆಯು ಶಿಶುವನ್ನು ಒಪ್ಪಿಸಲು ಬಂದಿದ್ದಾಳೆ, ವಿಶ್ವಾಮಿತ್ರನು ಕೈಯೆತ್ತಿ ಮುಖ ತಿರುಗಿಸಿದ್ದಾನೆ. ಈ ದೃಶ್ಯವು ನಾಟಕದಲ್ಲಿ ಎಲ್ಲಿಯೂ ಬರುವದಿಲ್ಲ. ಮೊದಲನೆಯ ಅಂಕದಲ್ಲಿ ಅನಸೂಯೆಯು ಆ ವೃತ್ತಾಂತವನ್ನು ನಾಚಿಕೊಂಡು ಅರ್ಧಕ್ಕೇ ನಿಲ್ಲಿಸುತ್ತಾಳೆ. ಕವಿಯು ಮುಚ್ಚಿಟ್ಟದ್ದನ್ನು ಚಿತ್ರಗಾರನು ಬಿಚ್ಚಿ ತೋರಿಸಿದನು. ಬಣ್ಣಬಣ್ಣಕ್ಕೆ ಒಂದೊಂದು ಕಲ್ಲನ್ನು ಬೇರೆ ಬೇರೆ ಸಿದ್ಧಪಡಿಸಿ, ಒಂದೇ ಕಾಗದವನ್ನು ಅವೆಲ್ಲವುಗಳ ಮೇಲೆ ಒಂದು ಕೂದಲೆಳೆಯೂ ಸರಿಯದಂತೆ ಸರದಿಯಾಗಿ ಒತ್ತಬೇಕು. ಅಂದರೆ ಒಂದು ಪಟವಾಗುವದು. ಈ ಕೆಲಸಕ್ಕೆ ಜರ್ಮನಿಯಿಂದ ಕುಶಲಕರ್ಮಿಗಳು ಬಂದರು. 1899ರಲ್ಲಿ ಮುದ್ರಣಾಲಯವು ಲೋಣಾವಳೆಯ ಹತ್ತಿರದ ಮಳವಲಿಗೆ ಹೋಯಿತು. 20ನೆಯ ಶತಮಾನದ ಆದಿಯಲ್ಲಿ ಶ್ಲೈಖರನೆಂಬ ಜರ್ಮನನಿಗೆ ಮಾರಾಟವಾಯಿತು. 1972ರಲ್ಲಿ ಬೆಂಕಿಯ ಪಾಲಾಯಿತು. ಮಳವಲಿಯು ಮುಂಬಯಿ–ಪುಣೆಯ ಉಗಿಬಂಡಿಯ ದಾರಿಯಲ್ಲಿದೆ. ಅಷ್ಟರಲ್ಲಿ ಪುಣೆಯಿಂದ ಬೆಳಗಾವಿಗೂ ಧಾರವಾಡಕ್ಕೂ ಉಗಿಬಂಡಿಯು ಓಡಹತ್ತಿತ್ತು. ಬೆಳಗಾವಿಯಲ್ಲಿ ಇಳಿದ ಪಟದ ಕಟ್ಟು ಚಕ್ಕಡಿಯಲ್ಲಿ ಯರಗಟ್ಟಿಯ ನಾಲ್ದಾರಿಗೆ ಬಂದು, ಅಲ್ಲಿಂದ ಒಂದು ಕಡೆ ಸವದತ್ತಿಗೂ ಒಂದು ಕಡೆ ಗೋಕಾವಿಗೂ ಹೋಗುವದು ಕಷ್ಟದ ಮಾತಾಗಿರಲಿಲ್ಲ. ಯಲ್ಲಮ್ಮನ ಜಾತ್ರೆಗೆ ಹೋದವರು ಕುಂಕುಮ ಭಂಡಾರದೊಡನೆ ಕಟ್ಟು ಹಾಕಿಸಿದ ಪಟವನ್ನೂ ತರುತ್ತಿದ್ದುದನ್ನು ನಾನೇ ಬಾಲ್ಯದಲ್ಲಿ ಕಂಡಿದ್ದೇನೆ.

ಅಚ್ಚಿನ ಪಟವು ಇಷ್ಟು ಸುಲಭವಾಗಿ ಬರುವಾಗ ಕೈಯಿಂದ ಬರೆಯಿಸಿಕೊಳ್ಳುವ ಅವಶ್ಯಕತೆಯೇನಿತ್ತು? ಕಾರಣಗಳು ಬೇರೆ ಬೇರೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಹೊಗೆ ಹಿಡಿಯುತ್ತದೆ, ಗಾಜಿಗೆ ಹಿಡಿಯುವದಿಲ್ಲ. ಪಟವು ಚಿಕ್ಕದು, ದೊಡ್ಡ ಪಡಸಾಲೆಗೆ ಸಾಲುವದಿಲ್ಲ. ಬಡವರ ಮನೆಯ ಪಟಕ್ಕೆ ಹೆಂಗಸರೇ ಜರಿಯನ್ನೂ ಚಮಕಿಯನ್ನೂ ಅಂಟಿಸಿ ಒಂದು ತರದ ಕೈಗೆಲಸವನ್ನು ಕೂಡಿಸುತ್ತಿದ್ದರು; ಅದನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ಗಿರಾಕಿ ಎಂದರೆ ನಾಟಕದ ಕಂಪನಿಯೇ. ಇಪ್ಪತ್ತು ಮೊಳದ ಪಡದೆಯ ಮೇಲೆ ಅಚ್ಚು ಹಾಕುವ ಯಂತ್ರವು ಆಗ ಇರಲಿಲ್ಲ.

ಗಾಜಿನ ಮೇಲೆ ಬರೆಯುವ ಕ್ರಮವು ಕಾಗದದ ಕ್ರಮಕ್ಕೆ ತೀರ ವಿರುದ್ಧವಾದದ್ದು. ಕಾಗದದ ಮೇಲೆ ಮೊದಲು ಹಿನ್ನೆಲೆ, ಆ ಮೇಲೆ ಮೈಬಣ್ಣ, ಆ ಮೇಲೆ ಸೀರೆ, ಕಟ್ಟಕಡೆಗೆ ಮೂಗುತಿಯ ಮುತ್ತು. ಗಾಜಿನ ಹಿಂಬದಿಯಲ್ಲಿ ಬರೆದು ಮುಂಬದಿಯಿಂದ ನೋಡಬೇಕಾದ್ದರಿಂದ ಅಲ್ಲಿ ಮುತ್ತೇ ಮೊದಲು, ಕಣ್ಣಿನ ಕಪ್ಪು ಮೊದಲು, ಸೀರೆಯ ಅಂಚು ಮೊದಲು. ಮೈಬಣ್ಣವು ಆ ಮೇಲೆ. ಆಕಾಶವೂ ಮರಗಳೂ ಕಡೆಗೆ. ಒಮ್ಮೆ ಬರೆದ ಕಣ್ಣನ್ನು ತಿದ್ದುವಂತಿಲ್ಲ, ಅದರ ಮೇಲೆ ಕೆನ್ನೆಯ ಬಣ್ಣವು ಕುಳಿತುಬಿಟ್ಟಿರುತ್ತದೆ. ಇನ್ನೊಂದು ಚಮತ್ಕಾರ: ಪಟವನ್ನು ಗಾಜಿನ ಕೆಳಗಿಟ್ಟು ಗೆರೆಯ ಮೇಲೆ ಗೆರೆ ಎಳೆದು, ಬಳಿಕ ಗಾಜನ್ನು ತಿರುವಿ ಕಟ್ಟು ಹಾಕಿಸಿದರೆ ಚಿತ್ರವೆಲ್ಲ ಕನ್ನಡಿಯೊಳಗಿನ ಪ್ರತಿಬಿಂಬದಂತೆ ಎಡಬಲವಾಗುತ್ತದೆ. ಎಡಗಡೆಯ ಸಖಿಯು ಬಲಗಡೆಗೆ ಬರುತ್ತಾಳೆ, ಸೆರಗು ಹೆಗಲನ್ನು ಬದಲಿಸುತ್ತದೆ. ಜಾಣ ಚಿತ್ರಗಾರರು ಮೊದಲೇ ಪಟದ ತಿರುವುಗೆರೆಯನ್ನು ಬೇರೆ ಕಾಗದದ ಮೇಲೆ ತೆಗೆದುಕೊಂಡು ಈ ದೋಷವನ್ನು ತಪ್ಪಿಸುವರು. ನಮ್ಮ ಪರಿಚಯದ ಒಂದು ಮನೆಯಲ್ಲಿ ಇಂಥ ಎಡಬಲವಾದ ಶಕುಂತಲೆಯೊಬ್ಬಳು ಮೂರು ತಲೆಮಾರು ತೂಗುಹಾಕಿಕೊಂಡಿದ್ದಳು. ಆ ಮನೆಯ ಮಕ್ಕಳಿಗೆ ಅವಳೇ ನಿಜವಾದ ಶಕುಂತಲೆ. ಪುಸ್ತಕದಲ್ಲಿ ಮೂಲಚಿತ್ರವನ್ನು ತೋರಿಸಿದಾಗ ಅವರು ಅದನ್ನೇ ತಪ್ಪೆಂದರು!

ಪಡದೆಯ ಕೆಲಸವು ಇನ್ನೂ ದೊಡ್ಡದು. ಬಟ್ಟೆಯ ಪನ್ನಗಳನ್ನು ಕೂಡಿಸಿ ಹೊಲಿದು, ಸುಣ್ಣಕಲ್ಲಿನ ಬಿಳಿ ಪುಡಿಯನ್ನು ಸರೇಸಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಇದ್ದಲಿಯಿಂದ ಚೌಕಗಳನ್ನು ಹಾಕುವರು. ಅಂಗೈಯಗಲದ ಪಟದ ಮೇಲೂ ಅಷ್ಟೇ ಚೌಕಗಳು. ಪಟದ ಒಂದೊಂದು ಚೌಕದಲ್ಲಿದ್ದುದನ್ನು ಪಡದೆಯ ಒಂದೊಂದು ಚೌಕಕ್ಕೆ ಬೆಳೆಸುತ್ತ ಹೋಗುವದು. ಪುಡಿಬಣ್ಣವನ್ನು ಬಿಸಿ ಸರೇಸಿನಲ್ಲಿ ಕಲಸಿ ಹಚ್ಚಬೇಕು. ಹಸಿಯಾಗಿದ್ದಾಗ ಕಪ್ಪಗೆ ಕಾಣುವ ಬಣ್ಣವು ಒಣಗಿದ ಬಳಿಕ ತಿಳಿಯಾಗುತ್ತದೆ. ಆದುದರಿಂದ ಚಿತ್ರಗಾರನು ಈಗ ಕಾಣುವದನ್ನು ನಂಬದೆ ನಾಳೆ ಕಾಣುವದನ್ನು ನೆನೆದು ಬಣ್ಣ ಕೂಡಿಸಬೇಕು. ಮೇಲಾಗಿ ಅದನ್ನು ನೋಡುವದು ಹಗಲಿನಲ್ಲಿಯಲ್ಲ, ರಾತ್ರಿಯ ದೀಪದಲ್ಲಿ. ಹಳದಿ ಬೆಳಕಿನಲ್ಲಿ ಯಾವ ಬಣ್ಣವು ಮಂಕಾಗುವದು, ಯಾವದು ಎದ್ದು ಕಾಣುವದು ಎಂಬ ಲೆಕ್ಕವು ಬೇರೆ. ಕಂಪನಿಗೆ ಒಂದು ಕಾಡು, ಒಂದು ದರಬಾರು, ಒಂದು ರಸ್ತೆ, ಒಂದು ತೋಟ ಇದ್ದರೆ ಆಯಿತು. ಕಣ್ವಾಶ್ರಮದ ಕಾಡೇ ನಳನು ದಮಯಂತಿಯನ್ನು ಬಿಟ್ಟುಹೋದ ಕಾಡು, ಅದೇ ಪಂಚವಟಿ. ಆದರೆ ಆಟಕ್ಕೆ ಮುಂಚೆ ಜನರು ಬಂದು ಕೂಡ್ರುವಾಗ ಇಳಿಬಿಟ್ಟಿರುವ ಮುಂಬದಿಯ ಪಡದೆಗೆ ಮಾತ್ರ ಒಂದು ಪೂರ್ಣಚಿತ್ರವು ಬೇಕು, ಅದಕ್ಕೆ ಹೆಚ್ಚಾಗಿ ರವಿವರ್ಮನ ಪಟಗಳೇ ಮೂಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ನೋಡುವದು ಉಚಿತ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (1126–1138) 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನಷ್ಟೆ. ನಮ್ಮ ಸವದತ್ತಿಯ ರಟ್ಟರು ಆ ಚಾಲುಕ್ಯರ ಮಾಂಡಲಿಕರು. ಅದರಲ್ಲಿ ಚಿತ್ರಕ್ಕೆ ಒಂದು ಪ್ರಕರಣವೇ ಇದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿಗಳನ್ನು ಮಾಡಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಿಳಿಮಣ್ಣಿನೊಡನೆ ಗೋಡೆಗೆ ಬಳಿಯತಕ್ಕದ್ದೆಂದು ಅರಸನು ವಿಧಿಸುತ್ತಾನೆ. ಇದಕ್ಕೆ ವಜ್ರಲೇಪವೆಂದು ಹೆಸರು. ಕಂಪನಿಯ ಚಿತ್ರಗಾರನು ಒಲೆಯ ಮೇಲಿಟ್ಟ ಸರೇಸಿನ ಡಬ್ಬಿಗೂ ಈ ವಜ್ರಲೇಪಕ್ಕೂ ಎಂಟುನೂರು ವರ್ಷಗಳ ಅಂತರವಿದ್ದರೂ ಪದಾರ್ಥವು ಒಂದೇ. ಅದೇ ಪ್ರಕರಣದಲ್ಲಿ, ಕನ್ನಡಿಯಲ್ಲಿ ಕಂಡಂತೆ ಸಾದೃಶ್ಯವಿರುವ ಚಿತ್ರಕ್ಕೆ 'ವಿದ್ಧ'ವೆಂದೂ, ರಸವೇ ಪ್ರಧಾನವಾದದ್ದಕ್ಕೆ ಬೇರೆಯೆಂದೂ ಭೇದಗಳನ್ನು ಹೇಳಿದೆ. ಇದ್ದುದನ್ನು ಇದ್ದಂತೆ ತೆಗೆಯುವದು ನಮ್ಮ ಶಾಸ್ತ್ರದಲ್ಲಿ ಹೀನವಾದ ಕೆಲಸವೆಂದು ಎಣಿಸಲ್ಪಟ್ಟಿಲ್ಲವೆಂಬದನ್ನು ಇದರಿಂದ ತಿಳಿಯಬಹುದು.

ಇನ್ನು ಆಕ್ಷೇಪಗಳ ಮಾತು. ರವಿವರ್ಮನು ತೀರಿಕೊಂಡ ಮರುವರ್ಷವೇ, 1907ರಲ್ಲಿ, ಕಲಕತ್ತೆಯ 'ಮಾಡರ್ನ್ ರಿವ್ಯೂ' ಮಾಸಪತ್ರಿಕೆಯಲ್ಲಿ ಆನಂದ ಕುಮಾರಸ್ವಾಮಿಯವರು ಅವನ ಕಲ್ಪನೆಯು ನಾಟಕೀಯವಾದದ್ದೆಂದು ದೂಷಿಸಿದರು. ಭಗಿನಿ ನಿವೇದಿತೆಯು ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬರೆಯುತ್ತ, ತರುಣಿಯೊಬ್ಬಳು ನೆಲದ ಮೇಲೆ ಉದ್ದಕ್ಕೆ ಮಲಗಿ ಕಮಲದೆಲೆಯ ಮೇಲೆ ಓಲೆ ಬರೆಯುವ ಚಿತ್ರವನ್ನು ಹಿಂದೂ ಗೃಹಸ್ಥರು ಮನೆಮನೆಯಲ್ಲಿಯೂ ತೂಗುಹಾಕಿಕೊಂಡಿರುವದಕ್ಕೆ ಜುಗುಪ್ಸೆಪಟ್ಟಳು. ಅವರಿಬ್ಬರೂ ನಮ್ಮ ಕಲೆಯನ್ನು ನಮಗೆ ಮರಳಿ ತೋರಿಸಿಕೊಟ್ಟ ಪೂಜ್ಯರು. ಅಜಂತೆಯನ್ನು ನೋಡಲು ಕಲಿಸಿದವರು. ಆದರೆ ಈ ಒಂದು ಮಾತಿನಲ್ಲಿ ಅವರೊಡನೆ ಒಡಂಬಡಲು ನನ್ನ ಮನಸ್ಸು ಒಪ್ಪುವದಿಲ್ಲ. ಯಾತಕ್ಕೆಂದರೆ, ಮೂಲದ ಮೂರನೆಯ ಅಂಕವನ್ನು ತೆಗೆದು ನೋಡಬೇಕು. ಮದನಸಂತಾಪದಿಂದ ಬಳಲಿದ ಶಕುಂತಲೆಯು ಹೂವು ಹಾಸಿದ ಶಿಲಾಪಟ್ಟದ ಮೇಲೆ ಮಲಗಿದ್ದಾಳೆಂದೇ ಕವಿಯು ಹೇಳುತ್ತಾನೆ. ಸಖಿಯರಿಬ್ಬರೂ ಕಮಲದೆಲೆಗಳಿಂದ ಗಾಳಿ ಹಾಕುತ್ತಿದ್ದಾರೆ. ಎದೆಗೆ ಲಾವಂಚದ ಲೇಪ, ಕೈಗೆ ತಾವರೆದಂಟಿನ ಬಳೆ. ಓಲೆಯನ್ನು ಬರೆಯೆಂದಾಗ, ಬರೆಯುವ ಸಾಧನವೇ ಇಲ್ಲವಲ್ಲಾ ಎನ್ನುತ್ತಾಳೆ. ಗಿಳಿಯ ಹೊಟ್ಟೆಯಂತೆ ಮೃದುವಾದ ಕಮಲದೆಲೆಯ ಮೇಲೆ ಉಗುರಿನಿಂದ ಬರೆಯೆಂದು ಪ್ರಿಯಂವದೆಯು ಉಪಾಯ ಹೇಳುತ್ತಾಳೆ. ಮಲಗಿರುವದೂ ಎಲೆಯೂ ಇಬ್ಬರು ಸಖಿಯರೂ ಕಾಳಿದಾಸನವೇ. ರವಿವರ್ಮನು ತನ್ನದಾಗಿ ಮಾಡಿದ ವ್ಯತ್ಯಾಸವೆಂದರೆ ಶಿಲಾಪಟ್ಟದಿಂದ ಅವಳನ್ನು ನೆಲಕ್ಕೆ ಇಳಿಸಿದ್ದು ಮತ್ತು ವಲ್ಕಲದ ಬದಲು ಸೀರೆ ಉಡಿಸಿದ್ದು. ಎರಡನೆಯದು ಸಣ್ಣ ತಪ್ಪಲ್ಲ. ವಲ್ಕಲವುಟ್ಟೂ ಇವಳು ಇನ್ನಷ್ಟು ಸುಂದರಿಯಾಗಿ ಕಾಣುವಳಲ್ಲಾ ಎಂದು ದುಷ್ಯಂತನು ಬೆರಗಾಗುವದೇ ಮೊದಲನೆಯ ಅಂಕದ ಜೀವಾಳವಾಗಿರುವಾಗ, ಸೀರೆಯುಡಿಸಿದವನು ಆ ಬೆರಗನ್ನು ಕಳೆದನು. ಆಕ್ಷೇಪಿಸುವದಿದ್ದರೆ ಇದನ್ನು ಆಕ್ಷೇಪಿಸಬೇಕಾಗಿತ್ತು.

ನಾಟಕೀಯವೆಂಬ ದೂಷಣೆಯಾದರೋ ನನಗೆ ಅರ್ಥವಾಗುವದೇ ಇಲ್ಲ. ನಾಟಕದ ಚಿತ್ರವು ನಾಟಕೀಯವಾಗಿರದೆ ಇನ್ನು ಹೇಗಿರಬೇಕು? ನೃತ್ತಶಾಸ್ತ್ರವನ್ನು ಅರಿಯದವನಿಗೆ ಚಿತ್ರಸೂತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಬೋಧಿಸಿದ್ದಾನೆ. ರವಿವರ್ಮನ ಇನ್ನೊಂದು ಚಿತ್ರವನ್ನು ನೋಡಿರಿ. 1898ರಲ್ಲಿ ಬರೆದದ್ದು, ಈಗ ತಿರುವನಂತಪುರದ ಚಿತ್ರಶಾಲೆಯಲ್ಲಿದೆ. ಶಕುಂತಲೆಯು ಸಖಿಯ ಹೆಗಲಿನ ಮೇಲೆ ಕೈಯಿಟ್ಟು, ಕಾಲಿನ ಮುಳ್ಳನ್ನು ತೆಗೆಯುವ ನೆಪದಿಂದ ಹಿಂದಿರುಗಿ ನೋಡುತ್ತಾಳೆ. ಮೂಲದಲ್ಲಿ ಇದು ಮುಳ್ಳಲ್ಲ, ದರ್ಭೆಯ ಮೊಳಕೆ. ಎರಡನೆಯ ಅಂಕದಲ್ಲಿ ದುಷ್ಯಂತನು ವಿದೂಷಕನಿಗೆ ಇದನ್ನೇ ವರ್ಣಿಸುತ್ತಾನೆ: ನಾಲ್ಕು ಹೆಜ್ಜೆ ನಡೆದವಳು ಅಕಾರಣವಾಗಿ ನಿಂತಳು, ಕಾಲು ನೊಂದಿತೆಂದಳು, ಕೊಂಬೆಗೆ ಸಿಕ್ಕದಿದ್ದ ವಲ್ಕಲವನ್ನು ಬಿಡಿಸುವವಳಂತೆ ನನ್ನ ಕಡೆಗೆ ಮುಖ ತಿರುಗಿಸಿದಳು ಎಂದು. ಅಂದಬಳಿಕ ಅದನ್ನು ನಮಗೆ ತಿಳಿಸುವವನು ಅದನ್ನು ಕಂಡವನೇ. ರವಿವರ್ಮನ ಚಿತ್ರದಲ್ಲಿ ದುಷ್ಯಂತನು ಇಲ್ಲ. ಅವನು ಚಿತ್ರದ ಹೊರಗೆ, ನಾವು ನಿಂತಿರುವ ಸ್ಥಳದಲ್ಲಿ ನಿಂತಿದ್ದಾನೆ. ಓಲೆ ಬರೆಯುವ ಚಿತ್ರದಲ್ಲಿಯೂ ಹಾಗೆಯೇ: ಮೂರನೆಯ ಅಂಕದಲ್ಲಿ ರಾಜನು ಮರೆಯಲ್ಲಿ ನಿಂತು ನೋಡುತ್ತಿರುವನಷ್ಟೆ, ಚಿತ್ರದಲ್ಲಿ ಅವನಿಗೆ ಜಾಗವಿಲ್ಲ, ಆ ಮರೆಯ ಜಾಗದಲ್ಲಿ ನಾವಿದ್ದೇವೆ. ಪ್ರೇಕ್ಷಕನಿಗೆ ಪಾತ್ರಧಾರಿಯ ಸ್ಥಾನವನ್ನು ಕೊಡುವ ಈ ಯುಕ್ತಿಯು ನಾಟಕಶಾಲೆಯಲ್ಲಿ ಕುಳಿತು ಕಲಿತದ್ದೇ ಹೊರತು ಪಾಶ್ಚಾತ್ಯರ ತೈಲವರ್ಣದ ಡಬ್ಬಿಯಲ್ಲಿ ದೊರೆತದ್ದಲ್ಲ.

ರಂಗದಿಂದ ಹೀಗೆ ಸಾಲ ತಂದ ಚಿತ್ರವು ಬಡ್ಡಿಸಹಿತ ರಂಗಕ್ಕೆ ಮರಳಿತು. 1905ರಲ್ಲಿ ಮೀರಜಿಯಲ್ಲಿ ಕಿರ್ಲೋಸ್ಕರ ಮಂಡಳಿಯ ಶಕುಂತಲೆಯಾಗಿ ಮೊದಲು ಕಾಣಿಸಿಕೊಂಡ ನಾರಾಯಣರಾವ ರಾಜಹಂಸರು, ಎಂದರೆ ಬಾಲಗಂಧರ್ವರು, ತಮ್ಮ ಸ್ತ್ರೀಪಾತ್ರಗಳ ಉಡಿಗೆಗೂ ನಿಲುವಿಗೂ ರವಿವರ್ಮನ ಪಟಗಳನ್ನು ಮಾದರಿಯಾಗಿ ಹಿಡಿದರೆಂಬದು ಪ್ರಸಿದ್ಧವಿದೆ. ಗುರ್ಲಹೊಸೂರಿನವರು ಕಟ್ಟಿದ ಮಂಡಳಿ, ಕಿಳಿಮಾನೂರಿನವನು ಬರೆದ ಪಟ, ಉಜ್ಜಯಿನಿಯ ಕವಿಯ ಮಾತು, ಇವು ಮೂರೂ ಆ ಹದಿಹರೆಯದ ನಟನಲ್ಲಿ ಕೂಡಿದವು. ನಮ್ಮ ಕನ್ನಡ ಕಂಪನಿಗಳೂ ಇದನ್ನೇ ಅನುಸರಿಸಿದವು. ನಮ್ಮವರೇ ಆದ ಏಣಗಿ ಬಾಳಪ್ಪನವರು (1914–2017) ಮೊದಲು ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಅವರಂಥವರು ಪಡದೆಯ ಮುಂದೆ ನಿಂತಾಗ, ಹಿಂದೆ ಬರೆದದ್ದು ಯಾವದು, ಮುಂದೆ ನಿಂತದ್ದು ಯಾವದು ಎಂಬ ಭೇದವು ಹಿಂದಿನ ಸಾಲಿನ ಪ್ರೇಕ್ಷಕರಿಗೆ ಅಳಿಸಿಹೋಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು.

ಹಾಗಾದರೆ ಊರೂರಿನ ಚಿತ್ರಗಾರನು ಬರೆದ ಪ್ರತಿಗೆ ಯಾವ ಬೆಲೆ? ಅವನು ಸಂಸ್ಕೃತವನ್ನು ಓದಿರಲಿಕ್ಕಿಲ್ಲ, ಮೂಲ ತೈಲಚಿತ್ರವನ್ನಂತೂ ನೋಡಿರಲಾರನು. ಹಗಲೆಲ್ಲ ಅಂಗಡಿಯ ಹಲಿಗೆ ಬರೆದು, ಚಕ್ಕಡಿಗೆ ಬಣ್ಣ ಹಚ್ಚಿ, ಉಳಿದ ಹೊತ್ತಿನಲ್ಲಿ ಪಡದೆಗೆ ಕೂಡ್ರುವವನು. ಅವನ ಕೈಯಲ್ಲಿ ಶಕುಂತಲೆಯ ಮುಖವು ಸ್ವಲ್ಪ ದುಂಡಗಾಗುವದುಂಟು, ಬೆರಳುಗಳು ದಪ್ಪವಾಗುವದುಂಟು. ಮಾಲಿನೀತೀರದ ಮರವು ಅವನ ಕಣ್ಣಿನ ಮುಂದಿನ ಬೇವಿನಮರವೇ ಆಗಿಬಿಡುವದೂ ಉಂಟ. ಇವೆಲ್ಲವನ್ನೂ ಸುಂದರವೆಂದು ನಾನು ಹೇಳುವದಿಲ್ಲ. ಅನೇಕ ಪ್ರತಿಗಳು ಕೆಟ್ಟವೇ ಆಗಿವೆ. ಆದರೆ ಅಚ್ಚಿನ ಪಟದಲ್ಲಿ ಕಾಣದ ಒಂದು ಸಂಗತಿಯು ಕೆಟ್ಟ ಕೈಪ್ರತಿಯಲ್ಲಿಯೂ ಕಾಣುತ್ತದೆ. ಅದೇನೆಂಬದನ್ನು ಹೇಳಲು ಕಾಳಿದಾಸನಿಗಿಂತ ಒಳ್ಳೆಯ ಸಾಕ್ಷಿಯು ನನಗೆ ದೊರೆಯಲಿಲ್ಲ.

ನಮ್ಮ ನಾಟಕಕಾರರು ಚಿತ್ರವನ್ನು ಕಥೆಯ ಕೀಲಾಗಿಯೇ ಇಟ್ಟುಕೊಂಡವರು. ಮಾಲವಿಕೆಯನ್ನು ಅಗ್ನಿಮಿತ್ರನು ಮೊದಲು ಕಾಣುವದು ಚಿತ್ರದಲ್ಲಿ. ಪ್ರತ್ಯಕ್ಷ ಕಂಡಾಗ, ಬರೆದವನ ಮನಸ್ಸಿನ ಏಕಾಗ್ರತೆಯು ಸಡಿಲವಾಗಿತ್ತೆಂದು ಚಿತ್ರಗಾರನನ್ನು ಆಕ್ಷೇಪಿಸುತ್ತಾನೆ. ರತ್ನಾವಳಿಯಲ್ಲಿ ಸಾಗರಿಕೆಯು ಮನ್ಮಥನ ನೆಪದಿಂದ ಉದಯನನನ್ನು ಬರೆದರೆ, ಸುಸಂಗತೆಯು ರತಿಯ ನೆಪದಿಂದ ಅವನ ಪಕ್ಕದಲ್ಲಿ ಸಾಗರಿಕೆಯನ್ನೇ ಬರೆದುಬಿಡುತ್ತಾಳೆ. ಉತ್ತರರಾಮಚರಿತದ ಚಿತ್ರದರ್ಶನವಂತೂ ಸರ್ವವಿದಿತ: ಬರೆದ ಶೂರ್ಪಣಖಿಯನ್ನು ನೋಡಿ ಸೀತೆಯು ಹೆದರುತ್ತಾಳೆ, ಚಿತ್ರದ ವನಗಳನ್ನು ಕಂಡು ಮತ್ತೊಮ್ಮೆ ಅಲ್ಲಿಗೆ ಹೋಗಬೇಕೆಂದು ಬಯಸುತ್ತಾಳೆ, ಆ ಬಯಕೆಯೇ ಅವಳನ್ನು ಕಾಡಿಗೆ ಒಯ್ಯುತ್ತದೆ. ಆದರೆ ಶಾಕುಂತಲದ ಆರನೆಯ ಅಂಕಕ್ಕೆ ಸಮನಾದದ್ದು ಇವುಗಳಲ್ಲಿ ಯಾವದೂ ಇಲ್ಲ.

ಉಂಗುರವು ಸಿಕ್ಕಿ ನೆನಪು ಮರಳಿದ ದುಷ್ಯಂತನು ತಾನು ಆಶ್ರಮದಲ್ಲಿ ಮೊದಲು ಕಂಡ ದೃಶ್ಯವನ್ನು ಫಲಕದ ಮೇಲೆ ಸ್ವಹಸ್ತದಿಂದ ಬರೆದಿದ್ದಾನೆ. ಶಾಕುಂತಲದ ಮೊದಲನೆಯ ಅಂಕಕ್ಕೆ ಮೊದಲನೆಯ ಚಿತ್ರವನ್ನು ಬರೆದವನು ರವಿವರ್ಮನಲ್ಲ. ಆ ನಾಟಕದ ನಾಯಕನೇ. ಮೂವರು ಸ್ತ್ರೀಯರಿದ್ದಾರೆ, ಯಾರು ಶಕುಂತಲೆಯೆಂದು ವಿದೂಷಕನು ಊಹಿಸುತ್ತಾನೆ: ಮುಡಿ ಸಡಿಲಿ ಹೂವು ಉದುರುತ್ತಿರುವವಳು, ಮುಖದಲ್ಲಿ ಬೆವರಿನ ಹನಿಯಿರುವವಳು, ನೀರುಂಡ ಎಳೆಯ ಮಾವಿನ ಬಳಿಯಲ್ಲಿ ಬಳಲಿ ನಿಂತವಳು ಅವಳೇ ಇರಬೇಕು. ರಾಜನು ಒಪ್ಪಿ, ತನ್ನ ಭಾವದ ಗುರುತೂ ಇಲ್ಲಿದೆಯೆಂದು ತೋರಿಸುತ್ತಾನೆ. ಅದೇನು? ಚಿತ್ರದ ಅಂಚಿನಲ್ಲಿ ಬೆವೆತ ಬೆರಳು ತಗಲಿ ಮಾಸಿದ ಕಲೆ. ಕೆನ್ನೆಯ ಮೇಲೆ ತನ್ನ ಕಣ್ಣೀರು ಬಿದ್ದು ಬಣ್ಣವು ಉಬ್ಬಿದ ಜಾಗ. ಶಾಸ್ತ್ರದ ದೃಷ್ಟಿಯಿಂದ ಇವೆರಡೂ ದೋಷಗಳು. ಬಡೋದೆಯ ದರಬಾರಿಗೆ ಇಂಥ ಚಿತ್ರವನ್ನು ಒಪ್ಪಿಸಿದ್ದರೆ ಹಿಂದಕ್ಕೆ ಬರುತ್ತಿತ್ತು! ಕಾಳಿದಾಸನಾದರೋ ಇವುಗಳನ್ನೇ ಎತ್ತಿ ತೋರಿಸುತ್ತಾನೆ. ಕಲ್ಲಿನ ಮೇಲೆ ಒತ್ತಿದ ಸಾವಿರ ಪಟಗಳಲ್ಲಿ ಸಾವಿರವೂ ಒಂದೇ ತರ. ಅವುಗಳಲ್ಲಿ ಯಾರ ಬೆವರೂ ಇಲ್ಲ. ಕೈಯಿಂದ ಬರೆದ ಪಡದೆಯಲ್ಲಿ ಬಣ್ಣ ತೀರಿದ ಜಾಗವು ಕಾಣುತ್ತದೆ, ಚೌಕದ ಗೆರೆಯು ಅಳಿಸದೆ ಉಳಿದದ್ದು ಕಾಣುತ್ತದೆ, ಒಂದು ಮುಖಕ್ಕೆ ಎರಡು ದಿನ ತೆಗೆದುಕೊಂಡವನು ಕಾಲಿಗೆ ಬಂದಾಗ ದಣಿದದ್ದು ಕಾಣುತ್ತದೆ.

ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ದುಷ್ಯಂತನ ಚಿತ್ರವು ಪೂರ್ಣವಾದದ್ದಲ್ಲ. ಮಾಲಿನೀ ನದಿಯನ್ನೂ ಅದರ ಮಳಲದಿಣ್ಣೆಯ ಮೇಲೆ ಹಂಸಗಳ ಜೋಡಿಯನ್ನೂ ಬರೆಯಬೇಕು, ಹಿಮಾಲಯದ ತಪ್ಪಲನ್ನೂ ಜಿಂಕೆಗಳನ್ನೂ ಬರೆಯಬೇಕು, ವಲ್ಕಲಗಳನ್ನು ಒಣಹಾಕಿದ ಮರವನ್ನೂ ಅದರ ಕೆಳಗೆ ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ತಿಕ್ಕುವ ಹೆಣ್ಣುಜಿಂಕೆಯನ್ನೂ ಬರೆಯಬೇಕೆಂದು ಹಂಬಲಿಸುತ್ತಾನೆ. ಕಿವಿಗೆ ಶಿರೀಷದ ಹೂವು ಮರೆತಿದೆ, ಎದೆಗೆ ತಾವರೆನೂಲು ಮರೆತಿದೆ. ಈಗ ರವಿವರ್ಮನನ್ನೂ ಅವನ ಹಿಂದೆ ಬಂದ ಊರೂರಿನ ಚಿತ್ರಗಾರರನ್ನೂ ನೆನೆಯಿರಿ. ಬಿಟ್ಟದ್ದನ್ನು ತುಂಬುತ್ತ ಹೋದವರೇ ಅವರೆಲ್ಲರೂ. ಒಬ್ಬನು ಸೀರೆಯನ್ನು ತುಂಬಿದನು, ಒಬ್ಬನು ಬೇವಿನಮರವನ್ನು ತುಂಬಿದನು. ಮೂಲವೇ ಅಪೂರ್ಣವಾಗಿರುವಲ್ಲಿ ನಕಲೆಂಬ ಮಾತನ್ನು ಹಗುರಾಗಿ ಆಡುವದು ನನಗೆ ಸರಿದೋರುವದಿಲ್ಲ.

ಇದನ್ನು ಈಗ ಬರೆಯುವ ಕಾರಣವನ್ನೂ ಹೇಳಿಬಿಡುತ್ತೇನೆ. ಈಚೆಗೆ ಜಾತ್ರೆಯ ಆಟಗಳಲ್ಲಿ ಯಂತ್ರದಿಂದ ಮುದ್ರಿಸಿದ ಫ್ಲೆಕ್ಸ್ ಪಡದೆಗಳು ಬಂದಿವೆ. ಅಗ್ಗವಾದವು, ಮಳೆಗೆ ಹೆದರದವು. ಬರೆದ ಪಡದೆಗೆ ಒಂದು ಹನಿ ನೀರು ತಗಲಿದರೆ ಸರೇಸು ಕರಗಿ ಕಲೆಯಾಗುವದು, ಬಿದಿರಿಗೆ ಸುತ್ತಿಟ್ಟರೆ ಬಣ್ಣವು ಸೀಳಿ ಉದುರುವದು. ನಿಂತುಹೋದ ಕಂಪನಿಗಳ ಪಡದೆಗಳನ್ನು ಕಾಳಿನ ರಾಶಿಗೆ ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆ ಕೆಡವಿ ಕಟ್ಟಿಸುವಾಗ ಗಾಜಿನ ಚಿತ್ರದ ಕಟ್ಟನ್ನು ಇಟ್ಟುಕೊಂಡು ಗಾಜನ್ನು ತಿಪ್ಪೆಗೆ ಹಾಕುವದಂತೂ ನಿತ್ಯದ ಮಾತು. ಯರಗಟ್ಟಿಯು ಈಗ ತಾಲೂಕಿನ ಸ್ಥಳವಾಗಿದೆ. ಹಳೆಯ ಮನೆಗಳು ಬೀಳುತ್ತಿವೆ, ಹೊಸವು ಏಳುತ್ತಿವೆ. ಇಂಥ ಚಿತ್ರವು ಯಾರ ಅಟ್ಟದ ಮೇಲಾದರೂ ಇದ್ದರೆ ಒದ್ದೆ ಅರಿವೆಯಿಂದ ಒರಸಬಾರದು, ಬಿಸಿಲಿಗೆ ಇಡಬಾರದು. ಹಿಂಬದಿಯ ಹಲಿಗೆಯನ್ನು ಬಿಚ್ಚುವ ಮುಂಚೆ ಅಲ್ಲಿ ಬರೆದವನ ಹೆಸರೂ ಊರೂ ಇವೆಯೋ ಎಂಬದನ್ನು ನೋಡಿ ಬರೆದಿಟ್ಟುಕೊಳ್ಳಬೇಕು. ಹೆಚ್ಚಿನ ಚಿತ್ರಗಾರರ ಹೆಸರುಗಳು ಆ ಒಂದು ಜಾಗದ ಹೊರತು ಬೇರೆಲ್ಲಿಯೂ ಉಳಿದಿಲ್ಲ.

ದುಷ್ಯಂತನ ಚಿತ್ರಕ್ಕೆ ಏನಾಯಿತೆಂಬದನ್ನು ವಾಚಕರು ಬಲ್ಲರು. ಹಿನ್ನೆಲೆಯನ್ನು ಬರೆದು ಮುಗಿಸಬೇಕೆಂದು ಅವನು ಕುಂಚಗಳನ್ನು ತರಲು ಚತುರಿಕೆಯನ್ನು ಅಟ್ಟುತ್ತಾನೆ. ದಾರಿಯಲ್ಲಿ ವಸುಮತೀದೇವಿಯು ಕುಂಚದ ಕರಂಡವನ್ನು ಅವಳಿಂದ ಕಸಿದುಕೊಳ್ಳುತ್ತಾಳೆ. ದೇವಿಯು ಇತ್ತಲೇ ಬರುತ್ತಿರುವಳೆಂದು ತಿಳಿದು, ಚಿತ್ರವನ್ನು ಕಾಪಾಡೆಂದು ರಾಜನು ವಿದೂಷಕನಿಗೆ ಹೇಳುತ್ತಾನೆ. ಅವನು ಫಲಕವನ್ನು ಎತ್ತಿಕೊಂಡು ಮೇಘಪ್ರತಿಚ್ಛಂದ ಪ್ರಾಸಾದಕ್ಕೆ ಓಡುತ್ತಾನೆ. ಅಲ್ಲಿ ಅವನನ್ನು ಮಾತಲಿಯು ಹಿಡಿದು ಹಣ್ಣುಗಾಯಿ ಮಾಡುತ್ತಾನೆ. ರಾಜನು ಬಿಲ್ಲು ಹಿಡಿದು ಧಾವಿಸಿ, ಅಲ್ಲಿಂದಲೇ ಇಂದ್ರನ ರಥವನ್ನೇರಿ ಸ್ವರ್ಗಕ್ಕೆ ಹೊರಟುಹೋಗುತ್ತಾನೆ. ಏಳನೆಯ ಅಂಕದಲ್ಲಿ ಶಕುಂತಲೆಯು ದೊರೆಯುತ್ತಾಳೆ, ಮಗನು ದೊರೆಯುತ್ತಾನೆ. ಆ ಚಿತ್ರಫಲಕದ ಮಾತನ್ನು ಮತ್ತೆ ಯಾರೂ ಎತ್ತುವದಿಲ್ಲ.